ಎಸಿಟಿಎನ್3 ಜೀನ್ ಅಂದ್ರೆ ಏನು? ಅದು ಇಲ್ಲದಿದ್ದರೆ ವೇಗವಾಗಿ ಓಡೋಕೆ ಆಗಲ್ವಾ?

ಓಡಬಹುದು. ಮೊದಲು ಒಂದು ವಿಷಯ: ಜೀನ್ ಎಲ್ಲರಲ್ಲೂ ಇರುತ್ತದೆ. ಕೆಲವರಲ್ಲಿ ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ, ಅಷ್ಟೇ.

11ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್ ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನ್ ತಯಾರಿಸುತ್ತದೆ. ಅದು ಇರುವುದು ಸ್ನಾಯುವಿನ ವೇಗದ ಎಳೆಗಳಲ್ಲಿ, ಅಂದರೆ ಥಟ್ಟನೆ ಜಿಗಿಯಲು, ಜೋರಾಗಿ ಓಡಲು ಬೇಕಾದ ಎಳೆಗಳಲ್ಲಿ ಮಾತ್ರ. ಅಲ್ಲಿ ಸ್ನಾಯು ಬಿಗಿಯಾಗಲು ಬೇಕಾದ ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳನ್ನು ಅದು ಗಟ್ಟಿಯಾಗಿ ಕಟ್ಟಿ ಹಿಡಿಯುತ್ತದೆ.

ಕೆಲವರ ಜೀನಿನಲ್ಲಿ ಡಿಎನ್ಎಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ: ಸಿ ಇರಬೇಕಾದ ಕಡೆ ಟಿ. ಇದರಿಂದ 577ನೇ ಅಮೈನೋ ಆಮ್ಲದ (ಪ್ರೋಟೀನ್ ಕಟ್ಟುವ ಬಿಡಿ ಇಟ್ಟಿಗೆಯ) ಜಾಗದಲ್ಲಿ 'ಇಲ್ಲಿಗೆ ನಿಲ್ಲಿಸು' ಎಂಬ ಸೂಚನೆ ಬರುತ್ತದೆ, ಪ್ರೋಟೀನ್ ಪೂರ್ತಿಯಾಗುವುದೇ ಇಲ್ಲ. ತಂದೆ, ತಾಯಿ ಇಬ್ಬರಿಂದಲೂ ಇದೇ ರೂಪ ಬಂದರೆ ಆ ಪ್ರೋಟೀನ್ ಪೂರಾ ಇರುವುದಿಲ್ಲ. ಜಗತ್ತಿನಲ್ಲಿ ಇಂಥವರು 100 ಕೋಟಿಗೂ ಜಾಸ್ತಿ! ಆದರೂ ಇದು ಕಾಯಿಲೆಯಲ್ಲ. ಇದನ್ನೇ ಹೋಲುವ ಎಸಿಟಿಎನ್2 ಎಂಬ ಇನ್ನೊಂದು ಜೀನಿನ ಪ್ರೋಟೀನ್ ಬಹುಪಾಲು ಆ ಕೆಲಸ ನಿಭಾಯಿಸುತ್ತದೆ.

2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಉನ್ನತ ಮಟ್ಟದ ಸ್ಪ್ರಿಂಟ್ ಆಟಗಾರರಲ್ಲಿ ಇಂಥವರು ತೀರಾ ಕಡಿಮೆ ಎಂದು ತೋರಿಸಿದರು. 'ವೇಗದ ಜೀನ್' ಎಂಬ ಹೆಸರು ಹರಡಿದ್ದು ಆಮೇಲೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಓಟದ ವೇಗದಲ್ಲಿ ಇದರ ಪಾಲು ತುಂಬಾ ಸಣ್ಣದು, ಬೇರೆ ಎಷ್ಟೋ ಜೀನ್‌ಗಳು, ತರಬೇತಿ ಎಲ್ಲ ಸೇರುತ್ತವೆ ಅಲ್ವಾ?

ಇನ್ನೊಂದು ಕುತೂಹಲದ ಸಂಗತಿ ಇದೆ. 2021ರ ಒಂದು ಅಧ್ಯಯನದಲ್ಲಿ ತಣ್ಣೀರಿನಲ್ಲಿ ಕೂತಾಗ ಈ ಪ್ರೋಟೀನ್ ಇಲ್ಲದವರೇ ಮೈಬಿಸಿಯನ್ನು ಚೆನ್ನಾಗಿ ಉಳಿಸಿಕೊಂಡರು. ಮಕ್ಕಳ ಕ್ರೀಡೆ ಆರಿಸಲು ಸುಮ್ನೆ ಈ ಜೀನಿನ ಪರೀಕ್ಷೆಗೆ ದುಡ್ಡು ಹಾಕಬೇಡಿ, ದಯವಿಟ್ಟು.