ಆರು ಚುಕ್ಕಿ ಜೀರುಂಡೆ ತಿನ್ನುತ್ತಿಲ್ಲ ಅಂದರೆ ಮೊದಲು ತೇವ ನೋಡಿ

ಹಿಡಿದು ತಂದ ಜೀರುಂಡೆ ಯಾಕೆ ತಿನ್ನುತ್ತಿಲ್ಲ ಅಂತ ಕೇಳಿದ್ದೀರಿ. ಕಾರಣ ಬಹುಶಃ ತೇವವೇ. ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಮುಚ್ಚಳದಲ್ಲಿ ನಾಲ್ಕೇ ತೂತು ಮಾಡಿದ ಡಬ್ಬಿಯಲ್ಲಿ ಇಟ್ಟಿದ್ದೀರಿ. ಹುಳ ಏನೂ ತಿನ್ನದೆ ಮೂಲೆ ಹಿಡಿದಿದೆ ಅಂತೀರಿ. ಕಪ್ಪು ಮೈ ಮೇಲೆ ಆರು ಬಿಳಿ ಚುಕ್ಕಿ ಅಂದಮೇಲೆ ಅದು ಆಂಥಿಯಾ ಸೆಕ್ಸ್‌ಗುಟ್ಟಾಟಾ ಎಂಬ ಜಾತಿ ಇರಬೇಕು. ಅದು ಒಣ ಕುರುಚಲು ಬಯಲಿನ ಹುಳ. ಮಳೆಕಾಡಿನ ಜೀರುಂಡೆಗೆ ಹೇಳುವ ಸಲಹೆ ಇದಕ್ಕೆ ಒಗ್ಗುವುದಿಲ್ಲ.

ಇವತ್ತೇ ಬೇರೆ ಡಬ್ಬಿಗೆ ಹಾಕಿ. ಒಣ ಮರಳಿಗೆ ಸ್ವಲ್ಪ ಮಣ್ಣು ಬೆರೆಸಿ ಮೂರು ಇಂಚು ತುಂಬಿ. ಮೇಲೆ ತಂತಿ ಜಾಲರಿ ಬಿಗಿಯಿರಿ, ಸೊಳ್ಳೆಪರದೆಯನ್ನು ಇದು ಕಚ್ಚಿ ಹರಿದೀತು. ಅಡಗಲು ಒಂದು ಹೆಂಚಿನ ಚೂರು. ಬಾಟಲಿ ಮುಚ್ಚಳದಲ್ಲಿ ಒದ್ದೆ ಹತ್ತಿ ಇಟ್ಟರೆ ನೀರಿಗೆ ಸಾಕು.

ಎತ್ತುವಾಗ ಕೈ ಬೇಡ. ಲೋಟ ಬೋರಲು ಹಾಕಿ ಅಡಿಗೆ ರಟ್ಟು ತೂರಿಸಿ. ಹೆದರಿದರೆ ಹಿಂದಿನಿಂದ ಉರಿ ತರುವ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ, ಅದೂ ಸಾಕಷ್ಟು ದೂರಕ್ಕೆ. ಬಗ್ಗಿ ನೋಡುವ ಆಸೆ ಆಗುತ್ತದೆ, ಅಲ್ವಾ? ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಬಿದ್ದರೆ ಉಜ್ಜದೆ 15 ನಿಮಿಷ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಸಂಜೆ ಹೊತ್ತು, ತಲೆ ಜಜ್ಜಿದ ಮಿಡತೆ ಕೊಡಿ. ಮನೆಯ ಜಿರಳೆ ಬೇಡ, ಯಾರೋ ಔಷಧಿ ಹೊಡೆದಿರಬಹುದು. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ.

ಅಂಗಾತ ಬಿದ್ದು ಕಾಲು ನಡುಗಿಸುತ್ತಿದ್ದರೆ ಮಾತ್ರ ವಿಷದ ಅನುಮಾನ ಪಡಿ. ವಯಸ್ಸಾಗಿದ್ದರೂ ಊಟ ಬಿಡುತ್ತವೆ, ಹಿಡಿದು ತಂದ ಹುಳದ ವಯಸ್ಸು ನೋಡಿ ಹೇಳಲಾಗದು. ಒಂದು ವಾರದಲ್ಲಿ ತಿನ್ನದಿದ್ದರೆ ಹಿಡಿದ ಜಾಗಕ್ಕೇ ಬಿಟ್ಟು ಬನ್ನಿ.