ಮಕ್ಕಳ ಮನಶ್ಶಾಸ್ತ್ರ ಇರುವಾಗ ‘ಬಾಲ್ಯ ಮತ್ತು ಯುವಜನ ಅಧ್ಯಯನ’ ಅಂತ ಬೇರೆ ಪದವಿ ಯಾಕೆ?

ಎರಡೂ ಕೇಳುವ ಪ್ರಶ್ನೆಯೇ ಬೇರೆ. ಮಗುವಿನ ಮನಸ್ಸು ಹೇಗೆ ಬೆಳೆಯುತ್ತದೆ ಅನ್ನೋದು ಮನಶ್ಶಾಸ್ತ್ರದ ಪ್ರಶ್ನೆ. ಯಾರನ್ನು ‘ಮಗು’ ಅನ್ನಬೇಕೆಂದು ಸಮಾಜ ಹೇಗೆ ತೀರ್ಮಾನಿಸುತ್ತದೆ ಅನ್ನೋದು ಬಾಲ್ಯ ಅಧ್ಯಯನದ್ದು. ದೇಹ ತನ್ನಷ್ಟಕ್ಕೆ ಬೆಳೆಯುತ್ತದೆ. ಬಾಲ್ಯ ಇಲ್ಲಿಗೆ ಮುಗಿಯಿತು ಅನ್ನೋ ಗೆರೆ ಎಳೆಯುವವರು ನಾವು.

ನಮ್ಮ ದೇಶದ್ದೇ ನೋಡಿ. ಬಾಲಕಾರ್ಮಿಕ ಕಾಯ್ದೆಯಲ್ಲಿ ಮಗು ಅಂದರೆ 14 ತುಂಬದವರು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರು. 2014ರ ರಾಷ್ಟ್ರೀಯ ಯುವ ನೀತಿಯಲ್ಲೋ, 15ಕ್ಕೇ ಯುವಜನ! ಹಾಗಾದರೆ 16ರ ಹುಡುಗಿ ಮಗುವೂ ಹೌದು, ಯುವತಿಯೂ ಹೌದು. ವಿಚಿತ್ರ ಅಲ್ವಾ? ಇಂಥ ಗೆರೆಗಳ ಹಿಂದಿನ ಕಾರಣ ಹುಡುಕಲು ಮನಶ್ಶಾಸ್ತ್ರವೊಂದೇ ಸಾಲದು. ಅದಕ್ಕೇ ಈ ಪದವಿಯಲ್ಲಿ ಕಾನೂನು, ಇತಿಹಾಸ, ಸಮಾಜಶಾಸ್ತ್ರ ಎಲ್ಲವೂ ಬರುತ್ತವೆ. ಮಕ್ಕಳ ಬಗ್ಗೆ ದೊಡ್ಡವರನ್ನು ಮಾತ್ರವಲ್ಲ, ಮಕ್ಕಳನ್ನೇ ಕೇಳಿ ತಿಳಿಯುವ ವಿಧಾನವನ್ನೂ ಕಲಿಸುತ್ತಾರೆ.