ಬಾಗಿಲ ಮೇಲಿನ ಕಲ್ಲು ಯಾರದು?

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿದ್ದ ಅಜ್ಜನ ವಾಡೆಯನ್ನು ಎರಡು ವರ್ಷಗಳ ಹಿಂದೆ ಮಾರಿದೆವು. ಕೊಂಡವರು ಅದನ್ನು ಕೆಡವುವ ಮೊದಲು ನಮ್ಮ ಚಿಕ್ಕಪ್ಪ ತಲೆಬಾಗಿಲ ಮೇಲಿದ್ದ ಶಹಾಬಾದ್ ಕಲ್ಲಿನ ಫಲಕವನ್ನು ಬಿಡಿಸಿಕೊಂಡು ಬಂದರು. ಅದರಲ್ಲಿ ಉರ್ದುವಿನಲ್ಲಿ ಮುತ್ತಜ್ಜನ ಹೆಸರು, ಕೆಳಗೆ 1310 ಎಂಬ ಅಂಕಿ ಇದೆ. ಏಳುನೂರು ವರ್ಷದ ಕಲ್ಲೆಂದು ಹೇಳಿ ವ್ಯಾಪಾರಿಯೊಬ್ಬರು ನಲವತ್ತು ಸಾವಿರ ರೂಪಾಯಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮನೆ ಕೊಂಡವರು ಕಲ್ಲು ತಮ್ಮದು ಎನ್ನುತ್ತಿದ್ದಾರೆ. ನಾವು ಮಾರಬಹುದೇ?

ಉತ್ತರ: ಮೊದಲು ಆ ಅಂಕಿಯ ವಿಚಾರ. ಕ್ರಿಸ್ತಶಕ 1310ರಲ್ಲಿ ಬಹಮನಿ ರಾಜ್ಯವೇ ಹುಟ್ಟಿರಲಿಲ್ಲ, ಅದು ಹುಟ್ಟಿದ್ದು 1347ರಲ್ಲಿ. ನಿಮ್ಮ ಮುತ್ತಜ್ಜನ ಕಾಲಕ್ಕೆ ಹೊಂದುವುದು ಫಸಲಿ ಎಂಬ ಕಂದಾಯ ವರ್ಷದ ಅಥವಾ ಹಿಜರಿ ಎಂಬ ಇಸ್ಲಾಮೀ ವರ್ಷದ ಲೆಕ್ಕ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕಂದಾಯದ ಕಾಗದವೆಲ್ಲ ಫಸಲಿಯಲ್ಲಿ ನಡೆಯುತ್ತಿತ್ತು. ಫಸಲಿಗೆ 590 ಕೂಡಿಸಿದರೆ 1310 ಎಂದರೆ 1900-01. ಅಂಕಿ ಹಿಜರಿಯದಾದರೆ 1892-93 ಆಗುತ್ತದೆ. ಅಂಕಿಯ ಪಕ್ಕದಲ್ಲಿ ಫಸಲಿ ಎಂಬ ಪದವೋ ಹಿಜರಿಯ ಗುರುತೋ ಇದೆಯೇ ನೋಡಿ. ಸಂಜೆಯ ಓರೆ ಬಿಸಿಲಿಗೆ ಕಲ್ಲನ್ನು ಹಿಡಿದರೆ ಸವೆದ ಗೆರೆಗಳೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಉರ್ದು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಈ ಲೆಕ್ಕಕ್ಕೆ ಇಷ್ಟು ಮಹತ್ವ ಏಕೆಂದರೆ ಎರಡರಲ್ಲಿ ಯಾವುದಾದರೂ ಕಲ್ಲಿಗೆ ನೂರು ವರ್ಷ ದಾಟಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಕಲ್ಬರಹದಂಥ ಶಾಸನಗಳನ್ನೂ ಕಟ್ಟಡದಿಂದ ಬೇರ್ಪಟ್ಟ ವಸ್ತುಗಳನ್ನೂ ಹೆಸರಿಸಿ, ನೂರು ವರ್ಷಕ್ಕೆ ಕಡಿಮೆಯಿಲ್ಲದವನ್ನು ಪ್ರಾಚ್ಯವಸ್ತು ಎನ್ನುತ್ತದೆ. ಮನೆಯವರು ಇಂಥ ವಸ್ತುವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ, ದೇಶದೊಳಗೆ ಮಾರುವುದಕ್ಕೂ ಪೂರ್ತಿ ನಿಷೇಧವಿಲ್ಲ. ಆದರೆ ಅದನ್ನು ವ್ಯಾಪಾರವಾಗಿ ನಡೆಸುವವರ ಬಳಿ ಪರವಾನಗಿ ಇರಲೇಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತೆಯೇ ಇಲ್ಲ, ಸಾಗಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಜೈಲು. ಆ ವ್ಯಾಪಾರಿಗೆ ಪರವಾನಗಿ ತೋರಿಸಿ ಎಂದು ಕೇಳಿ. ತೋರಿಸದವರೊಂದಿಗೆ ಮಾತು ಮುಂದುವರಿಸಬೇಡಿ.

ಇನ್ನು ಒಡೆತನ. ಇಲ್ಲಿ ಎಲ್ಲವೂ ಒಂದು ದಿನಾಂಕದ ಮೇಲೆ ನಿಂತಿದೆ: ಕಲ್ಲನ್ನು ಬಿಡಿಸಿದ್ದು ಕ್ರಯಪತ್ರ ನೋಂದಣಿಯಾಗುವ ಮೊದಲೋ, ಆಮೇಲೋ? ಗೋಡೆಯಲ್ಲಿ ಗಾರೆ ಹಾಕಿ ಕೂಡಿಸಿದ ಕಲ್ಲು ಗೋಡೆಯ ಭಾಗವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮನೆ ಮಾರಿದಾಗ ಬಾಗಿಲು, ಕಿಟಕಿ, ಬೀಗ, ಕೀಲಿಗಳಂತೆ ಶಾಶ್ವತ ಬಳಕೆಗೆ ಇಟ್ಟದ್ದೆಲ್ಲವೂ ಮನೆಯೊಂದಿಗೇ ಹೋಗುತ್ತದೆ, ಪತ್ರದಲ್ಲಿ ಬೇರೆ ಮಾತು ಬರೆದಿರದಿದ್ದರೆ. ಮುತ್ತಜ್ಜನ ಹೆಸರಿದೆ ಎಂಬ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಹೀಗೆ ಬರೆಯಲು ನನಗೆ ಸಂಕಟವಾಗುತ್ತದೆ, ಆದರೆ ನೋಂದಣಿಯ ನಂತರ ಬಿಡಿಸಿದ್ದರೆ ಕೊಂಡವರ ಮಾತೇ ಸರಿ. ಮೊದಲೇ ಬಿಡಿಸಿದ್ದರೆ ನಿಮ್ಮ ಪಕ್ಷ ಬಲವಾಗಿದೆ, ಆಗಲೂ ಕರಾರು ಆದ ದಿನ ಕಲ್ಲು ಗೋಡೆಯಲ್ಲಿತ್ತೇ ಎಂಬುದನ್ನು ನೋಡಬೇಕು. ಕರಾರಿನಿಂದ ಸ್ವಾಧೀನ ಕೊಡುವವರೆಗೆ ಆಸ್ತಿಯನ್ನು ಜೋಪಾನ ಮಾಡುವ ಹೊಣೆ ಮಾರುವವರದು.

ಕಲ್ಲು ನಿಮ್ಮ ಕುಟುಂಬದ್ದೇ ಎಂದಾದರೂ ಅದು ಚಿಕ್ಕಪ್ಪ ಒಬ್ಬರದಲ್ಲ. ವಾಡೆಯಲ್ಲಿ ಪಾಲಿದ್ದವರಿಗೆಲ್ಲ ಕಲ್ಲಿನಲ್ಲೂ ಪಾಲಿದೆ, ಹೆಣ್ಣುಮಕ್ಕಳಿಗೂ. ಎಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ಮಾರಿದರೆ ನಾಳೆ ತವರಿನವರ ನಡುವೆಯೇ ಕೋರ್ಟು.

ನನ್ನನ್ನು ಕೇಳಿದರೆ ಮಾರಬೇಡಿ. ಆ ಕಲ್ಲಿನ ಬೆಲೆ ಇರುವುದು ಬ್ರಹ್ಮಪುರದ ಆ ಓಣಿಯಲ್ಲಿ. ಇಂಥ ಕಲ್ಲುಗಳು ಗಾರೆಯಿಂದ ಹೊರಬಂದಾಗ ಹಿಂಬದಿ ಉಳಿಯ ಏಟಿನ ಗುರುತುಗಳಿಂದ ಒರಟಾಗಿರುತ್ತದೆ, ಅಂಚಿನಲ್ಲಿ ಸುಣ್ಣ ಅಂಟಿರುತ್ತದೆ. ದಯವಿಟ್ಟು ಅದನ್ನು ತಿಕ್ಕಿ ತೊಳೆಯಬೇಡಿ, ಅದು ಯಾವ ಗೋಡೆಯದು ಎಂಬುದಕ್ಕೆ ಆ ಸುಣ್ಣವೇ ಸಾಕ್ಷಿ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವ ಕಲ್ಲು, ಒದ್ದೆ ನೆಲದಲ್ಲಿ ಮಲಗಿಸಿಡಬೇಡಿ. ಕೊಂಡವರು ಹೊಸ ಮನೆಯ ಮುಂಗೋಡೆಯಲ್ಲಿ ಕೂಡಿಸುವುದಾದರೆ ಅವರಿಗೇ ಕೊಡಿ. ಇಲ್ಲವಾದರೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಇಬ್ಬರೂ ಸೇರಿ ಅರ್ಜಿ ಕೊಡಬಹುದು.

ಪ್ರಶ್ನೆ: ಬೀದರಿನ ಗುಜರಿ ಅಂಗಡಿಯಲ್ಲಿ ಅಮೃತಶಿಲೆಯ ಫಲಕವೊಂದು ಸಿಕ್ಕಿತು. ಒಬ್ಬ ಸ್ವಾತಂತ್ರ್ಯ ಹೋರಾಟಗಾರರು ಈ ಮನೆಯಲ್ಲಿದ್ದರು ಎಂದು ಬರೆದಿದೆ, 1973 ಎಂದಿದೆ, ಊರಿನ ಒಂದು ಸಂಘದ ಹೆಸರಿದೆ. 1,500 ರೂಪಾಯಿ ಕೊಟ್ಟು ತಂದೆ. ಈಗ ಅದು ನನ್ನದೇ?

ಉತ್ತರ: ನೀವು ತರದಿದ್ದರೆ ಅದು ಇಷ್ಟರಲ್ಲಿ ಯಾರದೋ ಅಡುಗೆಮನೆಯ ಕಟ್ಟೆಯಾಗಿರುತ್ತಿತ್ತು, ತಂದದ್ದು ಒಳ್ಳೆಯದಾಯಿತು. ಆದರೆ ನಿಮ್ಮದು ಎನ್ನುವುದು ಕಷ್ಟ. 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಮನೆಯ ಮಾಲೀಕರೇ ಕೆಡವಿ ಗುಜರಿಗೆ ಹಾಕಿದ್ದರೆ ಒಂದು ಮಾತು, ಯಾರೋ ರಾತ್ರಿ ಕಿತ್ತು ತಂದಿದ್ದರೆ ಇನ್ನೊಂದು. ಕಳವಿನದೆಂದು ತಿಳಿದ ಮೇಲೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಎದುರಾಗುತ್ತದೆ. ಜತೆಗೆ ಹಾಕಿಸಿದ ಸಂಘ ಅದನ್ನು ಮನೆಗೆ ದಾನವಾಗಿ ಕೊಟ್ಟಿತೋ, ತನ್ನದಾಗಿಯೇ ಉಳಿಸಿಕೊಂಡಿತೋ ಎಂಬುದೂ ಇದೆ. ನಮ್ಮಲ್ಲಿ ಮೆರವಣಿಗೆ, ಹಾರ, ಭಾಷಣ ಎಲ್ಲ ಆಗುತ್ತದೆ, ಆ ಒಂದು ಸಾಲಿನ ಕರಾರು ಮಾತ್ರ ಯಾರೂ ಬರೆಯುವುದಿಲ್ಲ.

ನೂರು ವರ್ಷ ಆಗದ ಕಾರಣ ಇದಕ್ಕೆ ಪ್ರಾಚ್ಯವಸ್ತು ಕಾಯ್ದೆ ತಾಗುವುದಿಲ್ಲ. 1972ರಲ್ಲಿ ಹೋರಾಟಗಾರರಿಗೆ ಸರ್ಕಾರ ಕೊಟ್ಟ ತಾಮ್ರಪತ್ರದೊಂದಿಗೂ ಇದನ್ನು ಬೆರೆಸಬೇಡಿ. ತಾಮ್ರಪತ್ರ ವ್ಯಕ್ತಿಗೆ ಸಂದದ್ದು, ಮನೆ ಮಾರಿದರೂ ವಾರಸುದಾರರ ಬಳಿಯೇ ಇರುತ್ತದೆ. ಫಲಕ ಮನೆಗೆ ಸಂದದ್ದು.

ಮನೆಯೇ ಹೋದ ಮೇಲೆ ಫಲಕ ಎಲ್ಲಿಗೆ ಎಂದು ನೀವು ಕೇಳಬಹುದು. ಹೆಸರಾದವರ ಮನೆಗೆ ಫಲಕ ಹಾಕುವ ಪದ್ಧತಿ ಲಂಡನ್ನಿನಲ್ಲಿದೆ, ಅದರ ಮೊದಲ ಫಲಕವನ್ನು 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಹಾಕಿದರು. 1889ರಲ್ಲಿ ಆ ಮನೆಯನ್ನೇ ಕೆಡವಿದರು. ಆದರೂ ಅಲ್ಲಿನವರು ಫಲಕ ಹಾಕುವುದನ್ನು ಬಿಡಲಿಲ್ಲ, ಇಂದಿಗೂ ಹಾಕುತ್ತಿದ್ದಾರೆ. ನೀವು ಗುಜರಿಯವರಿಂದ ರಸೀದಿ ಪಡೆದು, ಫಲಕ ಎಲ್ಲಿಂದ ಬಂತೆಂದು ಬರೆಸಿಕೊಳ್ಳಿ. ನಾಲ್ಕು ಮೂಲೆಯ ತಿರುಪಿನ ತೂತುಗಳೂ ಕಾಣುವಂತೆ ಫೋಟೊ ತೆಗೆಯಿರಿ. ನಂತರ ಆ ಹೋರಾಟಗಾರರ ಮನೆಯವರನ್ನೂ ಸಂಘದವರನ್ನೂ ಹುಡುಕಿ. ಅದೇ ನಿವೇಶನದ ಹೊಸ ಕಟ್ಟಡದವರು ಒಪ್ಪಿದರೆ ಅಲ್ಲಿಯೇ ಮತ್ತೆ ಹಾಕಿಸಿ, ಈ ಬಾರಿ ಒಡೆತನ ಯಾರದೆಂದು ಒಂದು ಕಾಗದದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ನಿಮ್ಮ 1,500 ರೂಪಾಯಿಯನ್ನು ಅವರಿಂದ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.